ಪೆನ್ ಡ್ರೈವ್ ಕಾಣುತ್ತಿಲ್ಲ: ಮಾತು ನಿಂತದ್ದು ಎಲ್ಲಿ?

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ 30ರಿಂದ 40 ಕಿಲೋಮೀಟರ್ ಆಸುಪಾಸಿನ ಊರುಗಳು. ಈ ದಾರಿಗಳಲ್ಲಿ ಓಡಾಡುವವರ ಜೇಬಿನಲ್ಲಿ, ಬ್ಯಾಗಿನಲ್ಲಿ, ಬೀಗದ ಕೈ ಗೊಂಚಲಿನಲ್ಲಿ ಪೆನ್ ಡ್ರೈವ್ ಇದ್ದೇ ಇರುತ್ತದೆ. ಅರಕಲಗೂಡಿನ ಸ್ಟುಡಿಯೋದವರು ಮದುವೆ ಫೋಟೋಗಳನ್ನು ಆಲ್ಬಮ್ ಮಾಡಿಸಲು ಅದರಲ್ಲೇ ಹಾಸನಕ್ಕೆ ತರುತ್ತಾರೆ. ಚನ್ನರಾಯಪಟ್ಟಣದ ಡಿಟಿಪಿ ಸೆಂಟರಿನಲ್ಲಿ ಟೈಪಾದ ಲಗ್ನಪತ್ರಿಕೆ ಅದರಲ್ಲೇ ಪ್ರೆಸ್ಸಿಗೆ ಹೋಗುತ್ತದೆ. ಹೊಳೆನರಸೀಪುರದ ಕಾಲೇಜು ವಿದ್ಯಾರ್ಥಿನಿಯ ಪ್ರಾಜೆಕ್ಟ್ ವರದಿಯಾಗಲಿ, ಸಂಗೀತಗಾರರ ಊರಾದ ರುದ್ರಪಟ್ಟಣದ ಒಂದು ಕಛೇರಿಯ ಧ್ವನಿಮುದ್ರಣವಾಗಲಿ, ಹೆಬ್ಬೆರಳ ಗಾತ್ರದ ಆ ವಸ್ತುವಿನೊಳಗೇ ಕೂತಿರುತ್ತದೆ.

ಒಂದು ದಿನ ಅದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಏನೂ ಕಾಣುವುದಿಲ್ಲ. ತೆಗೆದು ಮತ್ತೆ ಹಾಕುತ್ತೇವೆ, ಬಾಯಿಂದ ಊದುತ್ತೇವೆ, ತಿರುಗಿಸಿ ಮುರುಗಿಸಿ ನೋಡುತ್ತೇವೆ. ಆಮೇಲೆ ಪರದೆಯ ಮೇಲೆ ಮೂಡಿದ ಯಾವುದೋ ಬಟನ್ ಒತ್ತುತ್ತೇವೆ. ನಿಜವಾದ ನಷ್ಟ ಆಗುವುದು ಬಹಳ ಸಲ ಈ ಕೊನೆಯ ಹೆಜ್ಜೆಯಲ್ಲಿ. ಕಾಣದಿರುವುದೆಲ್ಲ ಕಳೆದುಹೋಗಿರುವುದಿಲ್ಲ. ಪೆನ್ ಡ್ರೈವ್ ಮತ್ತು ಲ್ಯಾಪ್‌ಟಾಪ್ ನಡುವೆ ಹಂತ ಹಂತವಾಗಿ ಒಂದು ಮಾತುಕತೆ ನಡೆಯುತ್ತದೆ. ಅದು ಯಾವ ಹಂತದಲ್ಲಿ ನಿಂತಿತು ಎಂದು ತಿಳಿದರೆ ಮುಂದೇನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದು ಸ್ಪಷ್ಟವಾಗುತ್ತದೆ. ಈ ಅಧ್ಯಾಯದ ಉದ್ದೇಶ ಇಷ್ಟೇ.

ಮೊದಲ ಹಂತ: ಕರೆಂಟು

1990ರ ದಶಕದ ಆರಂಭದಲ್ಲಿ ಕಂಪ್ಯೂಟರಿನ ಹಿಂಭಾಗ ನೋಡಿದರೆ ಪ್ರಿಂಟರಿಗೊಂದು, ಮೌಸಿಗೊಂದು, ಕೀಬೋರ್ಡಿಗೊಂದು ಎಂದು ಬಗೆಬಗೆಯ ತೂತುಗಳಿದ್ದವು. ಹೊಸ ಸಾಧನ ಜೋಡಿಸಿದರೆ ಯಂತ್ರವನ್ನು ಮತ್ತೆ ಶುರು ಮಾಡಬೇಕಾಗುತ್ತಿತ್ತು. ಎಲ್ಲಕ್ಕೂ ಒಂದೇ ಕಿಂಡಿ ಸಾಕು ಎಂಬ ವಿಚಾರವನ್ನು ಮುಂದಿಟ್ಟು ಬೆಳೆಸಿದವರಲ್ಲಿ ಪ್ರಮುಖರು ಇಂಟೆಲ್ ಕಂಪನಿಯ ಅಜಯ್ ಭಟ್. ವಡೋದರಾದಲ್ಲಿ ಓದಿ ಅಮೆರಿಕಕ್ಕೆ ಹೋದ ಎಂಜಿನಿಯರ್. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಸೇರಿದಂತೆ ಏಳು ಕಂಪನಿಗಳು ಕೂಡಿ 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿಯನ್ನು ಹೊರತಂದವು.

ಪೆನ್ ಡ್ರೈವಿನ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ನಾಲ್ಕು ಲೋಹದ ಪಟ್ಟಿಗಳಿವೆ. ಅಂಚಿನ ಎರಡು ಪಟ್ಟಿ ಕರೆಂಟಿಗೆ: ಒಂದರಲ್ಲಿ 5 ವೋಲ್ಟ್, ಇನ್ನೊಂದು ಅರ್ಥ್. ನಡುವಿನ ಎರಡು ಪಟ್ಟಿ ಮಾಹಿತಿಗೆ. ಅಂಚಿನ ಪಟ್ಟಿಗಳು ನಡುವಿನವುಗಳಿಗಿಂತ ತುಸು ಉದ್ದ. ಹಾಗಾಗಿ ಒಳಗೆ ತಳ್ಳುವಾಗ ಮೊದಲು ಕರೆಂಟು ಸೇರುತ್ತದೆ, ಆಮೇಲೆ ಮಾಹಿತಿಯ ತಂತಿ ಸೇರುತ್ತದೆ. ಕಂಪ್ಯೂಟರ್ ಓಡುತ್ತಿರುವಾಗಲೇ ಪೆನ್ ಡ್ರೈವನ್ನು ಹಾಕಿ ತೆಗೆಯಲು ಆಗುವುದು ಈ ಮಿಲಿಮೀಟರಿನಷ್ಟು ವ್ಯತ್ಯಾಸದಿಂದ.

ಕರೆಂಟು ಸಿಕ್ಕ ಕೂಡಲೇ ಪೆನ್ ಡ್ರೈವ್ ತನ್ನೊಳಗಿನ 1.5 ಕಿಲೋ-ಓಮ್ ರೆಸಿಸ್ಟರ್ ಮೂಲಕ ಮಾಹಿತಿಯ ಒಂದು ತಂತಿಯ ವೋಲ್ಟೇಜನ್ನು ಮೇಲೆತ್ತುತ್ತದೆ. ಸುಮ್ಮನಿದ್ದ ತಂತಿಯಲ್ಲಿ ವೋಲ್ಟೇಜ್ ಏರಿದ್ದನ್ನು ಲ್ಯಾಪ್‌ಟಾಪ್ ಗಮನಿಸಿ, ಯಾರೋ ಬಂದಿದ್ದಾರೆ ಎಂದು ತಿಳಿಯುತ್ತದೆ. ವಿಂಡೋಸ್‌ನಲ್ಲಿ ಸಾಧನವೊಂದು ಸೇರಿದಾಗ ಕೇಳುವ ಟಿಣ್ ಸದ್ದಿಗೆ ಇದೇ ಮೂಲ.

ಪೆನ್ ಡ್ರೈವಿನ ದೀಪ ಹತ್ತಲಿಲ್ಲ, ಸದ್ದೂ ಇಲ್ಲ ಎಂದರೆ ಮಾತುಕತೆ ಶುರುವೇ ಆಗಿಲ್ಲ. ತಪ್ಪು ಪೆನ್ ಡ್ರೈವಿನದೇ ಆಗಬೇಕಿಲ್ಲ. ಆದ್ದರಿಂದ ಮೊದಲ ಪರೀಕ್ಷೆ ಅದಲು ಬದಲು: ಇದೇ ಪೆನ್ ಡ್ರೈವನ್ನು ಬೇರೆ ಪೋರ್ಟಿಗೆ, ಆಮೇಲೆ ಬೇರೆ ಕಂಪ್ಯೂಟರಿಗೆ ಹಾಕಿ; ಇದೇ ಪೋರ್ಟಿಗೆ ಇನ್ನೊಂದು ಪೆನ್ ಡ್ರೈವ್ ಹಾಕಿ. ಐದು ನಿಮಿಷದ ಈ ಕೆಲಸದಿಂದ ದೋಷ ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ. ಒಂದು ಪೋರ್ಟನ್ನು ನಾಲ್ಕಾಗಿ ಮಾಡುವ ಹಬ್ ಬಳಸುತ್ತಿದ್ದರೆ ತೆಗೆದುಹಾಕಿ, ನೇರವಾಗಿ ಜೋಡಿಸಿ. ಯುಎಸ್‌ಬಿ 2.0 ನಿಯಮದಲ್ಲಿ ಒಂದು ಪೋರ್ಟ್ ಕೊಡಬೇಕಾದ ಕರೆಂಟು 500 ಮಿಲಿಆಂಪಿಯರ್. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ಎಲ್ಲರಿಗೂ ಹಂಚಬೇಕು. ಮೌಸು, ಕೀಬೋರ್ಡುಗಳ ಪಾಲಿನ ನಂತರ ಪೆನ್ ಡ್ರೈವಿಗೆ ಸಾಲದೇ ಹೋಗಬಹುದು.

ನಂತರದ ಸಂಶಯ ಕೊಳೆಯ ಮೇಲೆ. ಬೇಸಿಗೆಯ ಕೆಂಪು ಧೂಳು, ಮಳೆಗಾಲದ ತೇವ, ಜೇಬಿನ ಬೆವರು ಮತ್ತು ಬಟ್ಟೆಯ ಜೂಲು ಸೇರಿ ಲೋಹದ ಪಟ್ಟಿಗಳ ಮೇಲೆ ಪದರ ಕಟ್ಟುತ್ತವೆ. ಬಾಯಿಂದ ಊದಿದರೆ ಉಸಿರಿನ ತೇವ ಇನ್ನಷ್ಟು ಸೇರುತ್ತದೆ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಯ ಕಡ್ಡಿಗೆ ಸ್ವಲ್ಪವೇ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಪೆನ್ ಡ್ರೈವಿನ ಮೂತಿ ಅಲ್ಲಾಡುತ್ತಿದ್ದರೆ, ಬಗ್ಗಿಸಿ ಹಿಡಿದಾಗ ಮಾತ್ರ ದೀಪ ಹತ್ತುತ್ತಿದ್ದರೆ, ಒಳಗಿನ ಬೆಸುಗೆ ಬಿಟ್ಟಿದೆ ಎಂದರ್ಥ. ಆಗ ಪ್ರಯೋಗ ನಿಲ್ಲಿಸಿ. ಬಗ್ಗಿಸಿದಷ್ಟೂ ಸರ್ಕಿಟ್ ಬೋರ್ಡಿನ ತಾಮ್ರದ ಗೆರೆ ಕಿತ್ತುಬರುತ್ತದೆ. ನುರಿತವರು ನಾಲ್ಕು ಕಡೆ ಹೊಸದಾಗಿ ಬೆಸುಗೆ ಹಾಕಿದರೆ ಒಳಗಿನದೆಲ್ಲ ಹಾಗೇ ಸಿಗುವ ಸಾಧ್ಯತೆ ಚೆನ್ನಾಗಿದೆ.

ಎರಡನೇ ಹಂತ: ಗುರುತು

ಬಂದವರು ಯಾರು ಎಂಬುದು ಲ್ಯಾಪ್‌ಟಾಪಿನ ಮುಂದಿನ ಪ್ರಶ್ನೆ. ಪೆನ್ ಡ್ರೈವಿನೊಳಗೆ ಎರಡು ಮುಖ್ಯ ಚಿಪ್‌ಗಳಿರುತ್ತವೆ. ಒಂದು ಮಾಹಿತಿಯನ್ನು ಹಿಡಿದಿಡುವ ಫ್ಲ್ಯಾಶ್ ಮೆಮೊರಿ, ಇನ್ನೊಂದು ಅದನ್ನು ಆಳುವ ಕಂಟ್ರೋಲರ್. ಪ್ರಶ್ನೆಗೆ ಉತ್ತರ ಕೊಡುವುದು ಕಂಟ್ರೋಲರ್: ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ, ತಾನು ಸಂಗ್ರಹ ಸಾಧನ ಎಂಬ ವರ್ಗ, ತನಗೆ ಬೇಕಾದ ಕರೆಂಟು. ಲ್ಯಾಪ್‌ಟಾಪ್ ಅದಕ್ಕೆ 1ರಿಂದ 127ರೊಳಗೆ ಒಂದು ಸಂಖ್ಯೆಯನ್ನು ವಿಳಾಸವಾಗಿ ಕೊಟ್ಟು, ಸರಿಹೊಂದುವ ಡ್ರೈವರ್ ತಂತ್ರಾಂಶವನ್ನು ಕೆಲಸಕ್ಕೆ ಹಚ್ಚುತ್ತದೆ. ಇದೆಲ್ಲ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ.

ಸದ್ದು ಕೇಳಿಸಿತು, ಆದರೆ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂಬ ಸಂದೇಶ ಬಂತು ಎಂದರೆ ಮಾತು ನಿಂತಿರುವುದು ಇಲ್ಲಿ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತಿನ ಜೊತೆಗೆ ‘ಕೋಡ್ 43’ ಎಂಬ ಸಂಖ್ಯೆಯೂ ಕಾಣಬಹುದು. ಪ್ರಶ್ನೆಗೆ ಸರಿಯಾದ ಉತ್ತರ ಬರಲಿಲ್ಲ ಎಂದು ವಿಂಡೋಸ್ ಹೇಳುತ್ತಿದೆ.

ಇಲ್ಲಿ ಮೊದಲು ಮಾಡಬೇಕಾದದ್ದು ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಅದಕ್ಕೆ ಸಮವಲ್ಲ. 2012ರ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಬೇಗ ಆನ್ ಆಗಲೆಂದು, ಶಟ್‌ಡೌನ್ ಮಾಡಿದಾಗಲೂ ವ್ಯವಸ್ಥೆಯ ಒಳಸ್ಥಿತಿಯನ್ನು ಅದು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಗೊಂದಲಕ್ಕೆ ಬಿದ್ದ ಡ್ರೈವರ್ ಮರುದಿನ ಅದೇ ಗೊಂದಲದಲ್ಲೇ ಎದ್ದೇಳಬಹುದು. ರೀಸ್ಟಾರ್ಟ್ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಅದರಿಂದಲೂ ಆಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಪೆನ್ ಡ್ರೈವ್ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಇದರಿಂದ ಅಳಿಯುವುದು ಲ್ಯಾಪ್‌ಟಾಪಿನಲ್ಲಿದ್ದ ಡ್ರೈವರಿನ ದಾಖಲೆ ಮಾತ್ರ. ಪೆನ್ ಡ್ರೈವಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಯುಎಸ್‌ಬಿ 3.0 ಪೆನ್ ಡ್ರೈವಿನಲ್ಲಿ ನಾಲ್ಕರ ಜೊತೆಗೆ ಇನ್ನೂ ಐದು ಸಂಪರ್ಕಗಳಿರುತ್ತವೆ. ನೀಲಿ ಬಣ್ಣದ 3.0 ಪೋರ್ಟಿನಲ್ಲಿ ತಡವರಿಸುವ ಡ್ರೈವ್ ಹಳೆಯ 2.0 ಪೋರ್ಟಿನಲ್ಲಿ ನಿಧಾನವಾಗಿಯಾದರೂ ಓದಿಸಿಕೊಳ್ಳುವುದುಂಟು. ಹಾಗೆ ತೆರೆದುಕೊಂಡರೆ ತಡ ಮಾಡದೆ ಎಲ್ಲವನ್ನೂ ನಕಲು ಮಾಡಿಕೊಳ್ಳಿ.

ಹೆಸರೇನೋ ಕಾಣುತ್ತದೆ, ಆದರೆ ಗಾತ್ರ ಸೊನ್ನೆ, ‘ನೋ ಮೀಡಿಯಾ’ ಎಂದಿದೆ. ಇದು ಗಂಭೀರ. ಕಂಟ್ರೋಲರ್ ಉತ್ತರ ಕೊಡುತ್ತಿದೆ, ಆದರೆ ತನ್ನ ಹಿಂದಿರುವ ಮೆಮೊರಿಯನ್ನು ಅದಕ್ಕೆ ಓದಲಾಗುತ್ತಿಲ್ಲ. ಮನೆಯ ಉಪಾಯಗಳು ಇಲ್ಲಿಗೆ ಮುಗಿದವು. ಫೈಲು ಅಮೂಲ್ಯವಾದರೆ ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೇ ಕೊಡಬೇಕು. ಅಲ್ಲಿ ಮೆಮೊರಿ ಚಿಪ್ಪನ್ನು ಬಿಡಿಸಿ ನೇರವಾಗಿ ಓದುವ ಪ್ರಯತ್ನ ನಡೆಯುತ್ತದೆ.

ಮೂರನೇ ಹಂತ: ಡ್ರೈವಿನ ಅಕ್ಷರ

ಗುರುತು ಸಿಕ್ಕರೂ ‘ದಿಸ್ ಪಿಸಿ’ಯಲ್ಲಿ ಪೆನ್ ಡ್ರೈವ್ ಇಲ್ಲದಿರಬಹುದು. ವಿಂಡೋಸ್ ಪ್ರತಿ ಡಿಸ್ಕಿಗೂ ಸಿ, ಡಿ, ಇ ಎಂದು ಒಂದು ಅಕ್ಷರ ಕೊಡುತ್ತದೆ. ಕಚೇರಿಯ ನೆಟ್‌ವರ್ಕ್ ಡ್ರೈವ್ ಅದೇ ಅಕ್ಷರ ಹಿಡಿದುಕೊಂಡಿದ್ದರೆ, ಅಥವಾ ಹಿಂದೆಂದೋ ಯಾರೋ ಅಕ್ಷರ ತೆಗೆದುಹಾಕಿದ್ದರೆ, ಪೆನ್ ಡ್ರೈವ್ ಒಳಗಿದ್ದೂ ಕಣ್ಣಿಗೆ ಬೀಳುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗಿನ ಸಾಲುಗಳಲ್ಲಿ ನಿಮ್ಮ ಪೆನ್ ಡ್ರೈವಿನ ಗಾತ್ರದ ಡಿಸ್ಕ್ ಕಂಡರೆ ಅರ್ಧ ಚಿಂತೆ ಕಳೆಯಿತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ ಆರಿಸಿ, ಬಳಕೆಯಲ್ಲಿಲ್ಲದ ಒಂದು ಅಕ್ಷರ ಕೊಡಿ.

32 ಜಿಬಿ ಎಂದು ಬರೆದ ಪೆನ್ ಡ್ರೈವ್ ಇಲ್ಲಿ 29.8 ಜಿಬಿ ಎಂದು ಕಂಡರೆ ಗಾಬರಿ ಬೇಡ. ತಯಾರಕರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಎರಡರ ಘಾತಗಳಲ್ಲಿ, 107 ಕೋಟಿ ಚಿಲ್ಲರೆ ಬೈಟ್ ಎಂದು ಎಣಿಸುತ್ತದೆ. ಬೈಟುಗಳು ಅಷ್ಟೇ, ಲೆಕ್ಕದ ರೀತಿ ಬೇರೆ.

ಗಾಬರಿಪಡಬೇಕಾದದ್ದು ಬೇರೊಂದಿದೆ. ಅಗ್ಗದ ಬೆಲೆಗೆ 1 ಟಿಬಿ, 2 ಟಿಬಿ ಎಂದು ಮಾರುವ ಕೆಲವು ಪೆನ್ ಡ್ರೈವುಗಳಲ್ಲಿ ಕಂಟ್ರೋಲರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಒಳಗೆ ಇರುವುದು 16 ಅಥವಾ 32 ಜಿಬಿ ಮಾತ್ರ. ನಿಜವಾದ ಜಾಗ ತುಂಬುವವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ಬರೆದ ಫೈಲುಗಳು ಹಳೆಯವುಗಳ ಮೇಲೆ ಕೂರುತ್ತವೆ, ಇಲ್ಲವೇ ಎಲ್ಲಿಯೂ ದಾಖಲಾಗುವುದಿಲ್ಲ. ಹೆಸರು ಕಾಣುತ್ತದೆ, ಫೋಟೋ ತೆರೆಯುವುದಿಲ್ಲ. ಹೊಸ ಪೆನ್ ಡ್ರೈವ್ ಕೊಂಡ ದಿನವೇ ಹೆಚ್‌2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ, ಲಿನಕ್ಸ್ ಬಳಸುವವರು ಎಫ್‌3 ಎಂಬುದರಿಂದ, ಕೊನೆಯ ಬೈಟಿನವರೆಗೆ ಬರೆದು ಓದಿಸಿ ನೋಡುವುದು ಒಳ್ಳೆಯದು.

ನಾಲ್ಕನೇ ಹಂತ: ಫೈಲುಗಳ ಪಟ್ಟಿ

ಅಕ್ಷರ ಬಂತು, ಡಬಲ್ ಕ್ಲಿಕ್ ಮಾಡಿದರೆ ‘ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಅರ್ಥದ ಪೆಟ್ಟಿಗೆ ತೆರೆಯಿತು. ಅತಿ ಹೆಚ್ಚು ನಷ್ಟ ಆಗುವ ಜಾಗ ಇದೇ. ಕೆಳಗೆ ಎರಡು ಬಟನ್ ಇವೆ. ‘ಕ್ಯಾನ್ಸಲ್’ ಒತ್ತಿ.

ಪೆನ್ ಡ್ರೈವಿನಲ್ಲಿ ಫೈಲುಗಳೇ ಬೇರೆ, ಅವು ಎಲ್ಲಿವೆ ಎಂದು ಹೇಳುವ ಪಟ್ಟಿಯೇ ಬೇರೆ. ಪಹಣಿ ಕೈಬರಹದ ಪುಸ್ತಕವಾಗಿದ್ದ ಕಾಲದಲ್ಲಿ ಅದು ಹರಿದರೂ ಜಮೀನು ಇದ್ದಲ್ಲೇ ಇರುತ್ತಿತ್ತು. ಯಾವ ಸರ್ವೆ ನಂಬರಿನ ಜಮೀನು ಯಾರದು, ಎಷ್ಟು ಎಂದು ಹೇಳಲು ಮಾತ್ರ ಆಗುತ್ತಿರಲಿಲ್ಲ. ಫೈಲ್ ಸಿಸ್ಟಮ್ ಎಂಬುದು ಆ ಪಹಣಿ. ವಿಂಡೋಸ್ ‘ರಾ’ ಎಂದು ತೋರಿಸಿದರೆ ಅದಕ್ಕೆ ಪಹಣಿ ಓದಲಾಗುತ್ತಿಲ್ಲ ಎಂದರ್ಥ. ಫಾರ್ಮ್ಯಾಟ್ ಎಂದರೆ ಹಳೆಯ ಪುಸ್ತಕ ಎಸೆದು ಖಾಲಿ ಪುಸ್ತಕ ತೆರೆಯುವುದು.

ಈ ಪಟ್ಟಿ ಕೆಡಲು ಸಾಮಾನ್ಯ ಕಾರಣ ಅವಸರ. ಫೈಲ್ ನಕಲಾದಂತೆ ಕಂಡರೂ ಕೊನೆಯ ತುಣುಕು ಲ್ಯಾಪ್‌ಟಾಪಿನ ಮೆಮೊರಿಯಲ್ಲೇ ಉಳಿದಿರಬಹುದು. 2018ರ ವಿಂಡೋಸ್ 10ರ ಒಂದು ಆವೃತ್ತಿಯಿಂದ ಬೇಗ ತೆಗೆಯಲು ಅನುಕೂಲವಾಗುವ ಕ್ರಮವೇ ಮೂಲ ಏರ್ಪಾಡಾಗಿದೆ. ಆದರೂ ಬರೆಯುತ್ತಿರುವಾಗಲೇ ಕಿತ್ತರೆ ಯಾವ ಏರ್ಪಾಡೂ ಕಾಯದು. ಡೆಸ್ಕ್‌ಟಾಪಿನಲ್ಲಿ ನಕಲಾಗುವ ಹೊತ್ತಿಗೇ ಕರೆಂಟು ಹೋದರೂ ಅಷ್ಟೇ. ಆದ್ದರಿಂದ ‘ಇಜೆಕ್ಟ್’ ಒತ್ತಿ, ದೀಪ ಮಿನುಗುವುದು ನಿಂತ ಮೇಲೆ ತೆಗೆಯುವ ಅಭ್ಯಾಸ ಇಂದಿಗೂ ಬೇಕು.

ಪಟ್ಟಿ ಕೆಟ್ಟಾಗಲೂ ದಾರಿ ಇದೆ. ಫ್ಯಾಟ್32 ಎಂಬ ಹಳೆಯ ಪದ್ಧತಿ ತನ್ನ ಮುಖ್ಯ ಕೋಷ್ಟಕದ ಎರಡು ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಇಂಥ ಪ್ರತಿಗಳನ್ನು ಹುಡುಕಿ ದುರಸ್ತಿಗೆ ಯತ್ನಿಸುತ್ತದೆ. ಅದರ ಜೊತೆಗೇ ಸಿಗುವ ಫೋಟೋರೆಕ್ ಪಟ್ಟಿಯನ್ನೇ ನೋಡುವುದಿಲ್ಲ. ಪ್ರತಿ ಜೆಪಿಜಿ ಫೋಟೋದ ಆರಂಭದಲ್ಲಿ ಒಂದೇ ಬಗೆಯ ಮೂರು ಬೈಟುಗಳಿರುತ್ತವೆ. ಫೋಟೋರೆಕ್ ಪೆನ್ ಡ್ರೈವನ್ನು ಉದ್ದಕ್ಕೂ ಓದುತ್ತ, ಆ ಗುರುತು ಕಂಡಲ್ಲಿಂದ ಫೈಲನ್ನು ಎತ್ತಿಕೊಳ್ಳುತ್ತದೆ. ಹೆಸರು ಮತ್ತು ಫೋಲ್ಡರ್ ಹೋಗಿರುತ್ತವೆ, ಚಿತ್ರ ಸಿಗುತ್ತದೆ. ಎರಡು ಎಚ್ಚರಿಕೆ. ಮರಳಿ ಪಡೆದದ್ದನ್ನು ಅದೇ ಪೆನ್ ಡ್ರೈವಿಗೆ ಉಳಿಸಬಾರದು. ಉಳಿಸಿದರೆ ಇನ್ನೂ ಸಿಗದ ಫೈಲುಗಳ ಮೇಲೇ ಬರೆದಂತೆ. ಸಾಧ್ಯವಾದರೆ ಮೊದಲು ಇಡೀ ಪೆನ್ ಡ್ರೈವಿನ ಬೈಟ್-ಬೈಟ್ ನಕಲು ತೆಗೆದುಕೊಂಡು, ಹುಡುಕಾಟವನ್ನು ಆ ನಕಲಿನಲ್ಲಿ ನಡೆಸಬೇಕು. ವಿಂಡೋಸ್ ತಾನೇ ಮುಂದೆ ಬಂದು ‘ಸ್ಕ್ಯಾನ್ ಅಂಡ್ ಫಿಕ್ಸ್’ ಎಂದರೂ ಸದ್ಯಕ್ಕೆ ಬೇಡ. ಅದರ ಗುರಿ ಪಟ್ಟಿಯನ್ನು ಸರಿಪಡಿಸುವುದು, ನಿಮ್ಮ ಫೈಲನ್ನು ಉಳಿಸುವುದಲ್ಲ.

ಗೊತ್ತಿಲ್ಲದೆ ಫಾರ್ಮ್ಯಾಟ್ ಮಾಡಿಬಿಟ್ಟವರಿಗೂ ಒಂದು ಮಾತು. ‘ಕ್ವಿಕ್ ಫಾರ್ಮ್ಯಾಟ್’ ಆಗಿದ್ದರೆ ಖಾಲಿಯಾದದ್ದು ಪಟ್ಟಿ ಮಾತ್ರ, ಫೈಲುಗಳು ಸಿಗುವ ಸಾಧ್ಯತೆ ಚೆನ್ನಾಗಿದೆ. ‘ಕ್ವಿಕ್ ಫಾರ್ಮ್ಯಾಟ್’ ಎದುರಿನ ಟಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ, ವಿಂಡೋಸ್ ವಿಸ್ಟಾದಿಂದೀಚೆಗೆ ಉದ್ದಕ್ಕೂ ಸೊನ್ನೆ ಬರೆಯಲಾಗುತ್ತದೆ. ಆಮೇಲೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ.

ಕೆಲವೊಮ್ಮೆ ಕೆಟ್ಟಿರುವುದು ಏನೂ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆಯುವ ಪೆನ್ ಡ್ರೈವ್ ಕಾರಿನ ಸ್ಟೀರಿಯೋದಲ್ಲಿ, ಹಳೆಯ ಟಿವಿಯಲ್ಲಿ ಕಾಣದಿದ್ದರೆ, ಅವು ಫ್ಯಾಟ್32 ಮಾತ್ರ ಓದಬಲ್ಲವು, ನಿಮ್ಮದು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಬಹುದು. ಇದರ ಇನ್ನೊಂದು ಮುಖವೂ ಉಂಟು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಜಾಗ ಖಾಲಿ ಇದ್ದರೂ ಮದುವೆಯ ದೊಡ್ಡ ವಿಡಿಯೋ ಅದರಲ್ಲಿ ಕೂರದಿರುವುದಕ್ಕೆ ಕಾರಣ ಅದು.

ಚಿಪ್ಪಿನೊಳಗೆ ಬಂಧಿಯಾದ ಎಲೆಕ್ಟ್ರಾನುಗಳು

ಕರೆಂಟು ಇಲ್ಲದೆಯೂ ಪೆನ್ ಡ್ರೈವ್ ಹೇಗೆ ನೆನಪಿಟ್ಟುಕೊಳ್ಳುತ್ತದೆ? 1967ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಒಂದು ವಿಚಿತ್ರ ಟ್ರಾನ್ಸಿಸ್ಟರ್ ವಿವರಿಸಿದರು. ಅದರ ಒಂದು ಭಾಗ ಯಾವ ತಂತಿಗೂ ತಾಗದೆ, ಸುತ್ತಲೂ ವಿದ್ಯುತ್ ಹರಿಯಗೊಡದ ಪದರದ ನಡುವೆ ಇರುತ್ತದೆ. ಅಲ್ಲಿಗೆ ಎಲೆಕ್ಟ್ರಾನುಗಳನ್ನು ಸೇರಿಸಿಬಿಟ್ಟರೆ ಅವಕ್ಕೆ ಹೊರಬರಲು ದಾರಿಯಿಲ್ಲ. ಅವು ಇದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು. ಈ ತತ್ವದ ಮೇಲೆ ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೋ ಮಸುವೋಕಾ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನೂ, 1987ರಲ್ಲಿ ಅದರ ನ್ಯಾಂಡ್ ರೂಪವನ್ನೂ ಜಗತ್ತಿನ ಮುಂದಿಟ್ಟರು. ಇಂದಿನ ಪೆನ್ ಡ್ರೈವ್, ಮೊಬೈಲ್, ಎಸ್‌ಎಸ್‌ಡಿಗಳೆಲ್ಲ ನ್ಯಾಂಡ್ ಸಂತತಿ. 2000ನೇ ಇಸವಿಯಲ್ಲಿ ಪೆನ್ ಡ್ರೈವ್ ಮಾರುಕಟ್ಟೆಗೆ ಬಂದಾಗ ಐಬಿಎಂ ಮಾರಿದ ಮಾದರಿಯಲ್ಲಿ ಇದ್ದದ್ದು 8 ಎಂಬಿ ಜಾಗ.

ಎಲೆಕ್ಟ್ರಾನುಗಳನ್ನು ಆ ಪದರದ ಮೂಲಕ ತಳ್ಳಲು ಸುಮಾರು 20 ವೋಲ್ಟ್ ಬೇಕು. 5 ವೋಲ್ಟ್ ಪಡೆಯುವ ಪೆನ್ ಡ್ರೈವ್ ಅಷ್ಟನ್ನು ತನ್ನೊಳಗೇ ತಯಾರಿಸಿಕೊಳ್ಳುತ್ತದೆ. ಆ ಒತ್ತಡದಲ್ಲಿ ಎಲೆಕ್ಟ್ರಾನುಗಳು ಕ್ವಾಂಟಮ್ ನಿಯಮದಂತೆ, ದಾಟಲಾಗದ ಗೋಡೆಯನ್ನು ದಾಟಿ ಒಳಗೆ ಸೇರುತ್ತವೆ. ಆದರೆ ಪ್ರತಿ ದಾಟುವಿಕೆಯೂ ಪದರವನ್ನು ಒಂದಿಷ್ಟು ಹಾಳು ಮಾಡುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ದುಬಾರಿ ಚಿಪ್ ಸುಮಾರು 1,00,000 ಸಲ ಅಳಿಸಿ ಬರೆಯುವುದನ್ನು ತಾಳುತ್ತದೆ. ಮೂರು ಬಿಟ್ ತುಂಬುವ ಅಗ್ಗದ ಚಿಪ್ ತಾಳುವುದು ಸಾವಿರದ ಲೆಕ್ಕದಲ್ಲಿ. ಸವೆದ ಕೋಶಗಳಿಂದ ಎಲೆಕ್ಟ್ರಾನುಗಳು ಬೇಗ ಸೋರುತ್ತವೆ, ಸೆಕೆ ಸೋರಿಕೆಯನ್ನು ಹೆಚ್ಚಿಸುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಪೆನ್ ಡ್ರೈವಿಗೆ ಸಲ್ಲದ ಜಾಗ. ಹೊಸ ಚಿಪ್ಪಿಗೂ ಸಾಮಾನ್ಯವಾಗಿ ಹೇಳುವ ನೆನಪಿನ ಅವಧಿ ಸುಮಾರು 10 ವರ್ಷ.

ಸೋರಿಕೆಯಿಂದ ಅಲ್ಲೊಂದು ಇಲ್ಲೊಂದು ಬಿಟ್ ತಪ್ಪಾಗುವುದು ನಿತ್ಯದ ಸಂಗತಿ. ಅದನ್ನು ತಿದ್ದುವುದು ಗಣಿತ. ಬರೆಯುವಾಗಲೇ ಕಂಟ್ರೋಲರ್ ಒಂದಿಷ್ಟು ಹೆಚ್ಚುವರಿ ಬಿಟ್‌ಗಳನ್ನು ಲೆಕ್ಕ ಹಾಕಿ ಸೇರಿಸುತ್ತದೆ. ಓದುವಾಗ ಅವುಗಳ ನೆರವಿನಿಂದ ತಪ್ಪು ಎಲ್ಲಿದೆ ಎಂದು ಕಂಡುಹಿಡಿದು ಸರಿಪಡಿಸುತ್ತದೆ. ಫ್ಲ್ಯಾಶ್ ಮೆಮೊರಿಯಲ್ಲಿ ವ್ಯಾಪಕವಾಗಿ ಬಳಕೆಯಾದ ಬಿಸಿಹೆಚ್ ಸಂಕೇತದ ಹೆಸರಿನಲ್ಲಿ ಇಬ್ಬರು ಭಾರತೀಯರಿದ್ದಾರೆ: ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ ಅಮೆರಿಕಕ್ಕೆ ಹೋದ ರಾಜ್ ಚಂದ್ರ ಬೋಸ್ ಮತ್ತು ಅವರ ಶಿಷ್ಯ ದ್ವಿಜೇಂದ್ರ ಕುಮಾರ್ ರಾಯ್‌ಚೌಧುರಿ. ಫ್ರಾನ್ಸಿನ ಅಲೆಕ್ಸಿ ಹಾಕೆಂಗೆಮ್ 1959ರಲ್ಲಿ, ಇವರಿಬ್ಬರು 1960ರಲ್ಲಿ, ಪರಸ್ಪರ ತಿಳಿಯದೆ ಅದನ್ನು ಪ್ರಕಟಿಸಿದರು. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳಿಗೆ ಅಲ್ಲಿಂದ ಆಜ್ಞೆಗಳು ಹೋಗುತ್ತವೆ. ಉಪಗ್ರಹಗಳಿಗೆ ಆಜ್ಞೆ ಕಳಿಸುವ ಅಂತರರಾಷ್ಟ್ರೀಯ ಮಾನದಂಡದಲ್ಲೂ ಇದೇ ಬಿಸಿಹೆಚ್ ಸಂಕೇತವಿದೆ. ಅಷ್ಟು ದೂರದ ಸಂದೇಶವನ್ನು ಕಾಯುವ ಗಣಿತವೇ ಜೇಬಿನ ಫೋಟೋವನ್ನೂ ಕಾಯುತ್ತದೆ.

ತಪ್ಪುಗಳು ತಿದ್ದಲಾಗದಷ್ಟು ಹೆಚ್ಚಿದಾಗ ಕೆಲವು ಕಂಟ್ರೋಲರ್‌ಗಳು ಬರೆಯುವುದನ್ನು ನಿಲ್ಲಿಸಿ, ಓದಲು ಮಾತ್ರ ಬಿಡುತ್ತವೆ. ‘ರೈಟ್ ಪ್ರೊಟೆಕ್ಟೆಡ್’ ಎಂಬ ಸಂದೇಶ ಬರುತ್ತದೆ. ಪಕ್ಕದಲ್ಲಿ ಬೀಗದ ಸ್ವಿಚ್ ಇಲ್ಲದ ಪೆನ್ ಡ್ರೈವ್ ಹೀಗೆಂದರೆ ಅದನ್ನು ಮತ್ತೆ ಬರೆಯುವಂತೆ ಮಾಡಲು ಒದ್ದಾಡಬೇಡಿ. ಇರುವುದನ್ನು ನಕಲು ಮಾಡಿಕೊಂಡು ಅದಕ್ಕೆ ನಿವೃತ್ತಿ ಕೊಡಿ.

ಕಾಣದಂತೆ ಮಾಡುವ ವೈರಸ್, ಕಂಡರೂ ತೆರೆಯಬಾರದ ಪೆನ್ ಡ್ರೈವ್

ಪೆನ್ ಡ್ರೈವ್ ತೆರೆಯಿತು, ಫೋಲ್ಡರುಗಳ ಬದಲು ಬಾಣದ ಗುರುತಿನ ಶಾರ್ಟ್‌ಕಟ್‌ಗಳಷ್ಟೇ ಇವೆ. ಹಲವರು ಬಳಸುವ ಕಂಪ್ಯೂಟರುಗಳಿಂದ ಅಂಟುವ ವೈರಸ್ಸಿನ ಕೆಲಸ ಇದು. ಅದು ನಿಜವಾದ ಫೋಲ್ಡರುಗಳನ್ನು ಅಳಿಸುವುದಿಲ್ಲ, ಅಡಗಿಸುತ್ತದೆ. ಶಾರ್ಟ್‌ಕಟ್ ಒತ್ತಿದರೆ ವೈರಸ್ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಒತ್ತದೆ, ಮೊದಲು ಆಂಟಿವೈರಸ್‌ನಿಂದ ಪರೀಕ್ಷಿಸಿ. ಬಳಿಕ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಆರಿಸಿ, ಸಿಸ್ಟಮ್ ಫೈಲುಗಳನ್ನು ಅಡಗಿಸುವ ಗುರುತನ್ನೂ ತೆಗೆಯಿರಿ. ಫೈಲುಗಳು ಇದ್ದಲ್ಲೇ ಕಾಣುತ್ತವೆ.

ದಾರಿಯಲ್ಲಿ ಸಿಕ್ಕ ಪೆನ್ ಡ್ರೈವನ್ನು ಮಾತ್ರ ಹಾಕಲೇಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್ ಡ್ರೈವುಗಳನ್ನು ಬೀಳಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕನಿಷ್ಠ ಶೇ. 45ರಷ್ಟನ್ನು ಜನ ತೆರೆದು ನೋಡಿದ್ದರು. ಮೊದಲನೆಯದು ಆರು ನಿಮಿಷದೊಳಗೆ. ಪೆನ್ ಡ್ರೈವಿನ ರೂಪದಲ್ಲಿದ್ದು ತಾನು ಕೀಬೋರ್ಡು ಎಂದು ಹೇಳಿಕೊಂಡು ಆಜ್ಞೆಗಳನ್ನು ಟೈಪ್ ಮಾಡಬಲ್ಲ ಸಾಧನ ಸಾಧ್ಯ ಎಂಬುದನ್ನು 2014ರಲ್ಲೇ ಸಂಶೋಧಕರು ತೋರಿಸಿದ್ದಾರೆ.

ಹಾಸನದ ಮಟ್ಟಿಗೆ ಈ ಮಾತಿಗೆ ಇನ್ನೊಂದು ತೂಕವಿದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್ ಡ್ರೈವುಗಳು ಜಿಲ್ಲೆಯಲ್ಲಿ ಹರಿದಾಡಿದವು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ದೌರ್ಜನ್ಯ ಒಂದು ಅಪರಾಧವಾದರೆ, ಆ ಹೆಣ್ಣುಮಕ್ಕಳ ಮುಖಗಳನ್ನು ಕೈಯಿಂದ ಕೈಗೆ ದಾಟಿಸಿದ್ದು ಇನ್ನೊಂದು. ಇಂಥ ದೃಶ್ಯಗಳನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67ಎ ಕಲಂಗಳಡಿ ಶಿಕ್ಷಾರ್ಹ. ಅಂಥ ಪೆನ್ ಡ್ರೈವ್ ಕೈಗೆ ಬಂದರೆ ತೆರೆಯದೆ, ನಕಲು ಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಇದಕ್ಕೆ ತಾಂತ್ರಿಕ ಕಾರಣವೂ ಇದೆ. ಪೆನ್ ಡ್ರೈವನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಸುಮ್ಮನೆ ಹಾಕಿದರೂ ಅದರ ಮೇಲೆ ಕೆಲವು ಬೈಟುಗಳು ಬರೆಯಲ್ಪಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ಡಿಜಿಟಲ್ ಸಾಕ್ಷ್ಯದೊಂದಿಗೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಎಂಬ ಗಣಿತದ ಮುದ್ರೆಯನ್ನು ನಮೂದಿಸಬೇಕು. ಒಂದೇ ಬಿಟ್ ಬದಲಾದರೂ ಆ ಮುದ್ರೆ ಪೂರ್ತಿ ಬದಲಾಗುತ್ತದೆ.

ಫೈಲ್ ಸಿಕ್ಕಿತು, ಕನ್ನಡ ಸಿಗಲಿಲ್ಲ

ಕನ್ನಡಿಗರಿಗೇ ಎದುರಾಗುವ ಒಂದು ತೊಡಕು ಉಳಿದಿದೆ. ಹಳೆಯ ಪೆನ್ ಡ್ರೈವಿನ ಪತ್ರ ತೆರೆಯುತ್ತದೆ, ಆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫೈಲ್ ಕರಪ್ಟ್ ಆಗಿದೆ ಎಂದು ಅಳಿಸುವವರಿದ್ದಾರೆ. ಅಳಿಸಬೇಡಿ. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಲ್ಯಾಪ್‌ಟಾಪ್ ಆ ಸಂಖ್ಯೆಗಳನ್ನು ಇಂಗ್ಲಿಷ್ ಎಂದೇ ಓದುತ್ತದೆ. ಅದೇ ಫಾಂಟನ್ನು ಹಾಕಿಕೊಂಡರೆ ಕನ್ನಡ ಮರಳುತ್ತದೆ. ಬಳಿಕ ನುಡಿ ಅಥವಾ ಬರಹದ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿಡಿ. ಯೂನಿಕೋಡಿನಲ್ಲಿ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ, ಬೇರೆ ಲಿಪಿಯೊಂದಿಗೆ ಗೊಂದಲವಿಲ್ಲ. ಪಿಡಿಎಫ್ ಪ್ರತಿಯೊಂದನ್ನೂ ಜೊತೆಗಿಟ್ಟರೆ ಅಕ್ಷರಗಳ ರೂಪವೂ ಉಳಿಯುತ್ತದೆ.

ಮೊದಲು ಉಳಿಸಿಕೊಳ್ಳಿ, ಆಮೇಲೆ ರಿಪೇರಿ

ಇಷ್ಟರಿಂದ ಒಂದು ಕ್ರಮ ಸಿಗುತ್ತದೆ. ದೀಪವೂ ಸದ್ದೂ ಇಲ್ಲದಿದ್ದರೆ ಪೋರ್ಟ್ ಮತ್ತು ಕಂಪ್ಯೂಟರ್ ಬದಲಿಸಿ, ಒರೆಸಿ. ಸದ್ದು ಬಂದೂ ಗುರುತು ಸಿಗದಿದ್ದರೆ ರೀಸ್ಟಾರ್ಟ್ ಮಾಡಿ, ಡ್ರೈವರ್ ತೆಗೆದು ಮತ್ತೆ ಹಾಕಿ. ಗುರುತು ಸಿಕ್ಕೂ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅಕ್ಷರ ಕೊಡಿ. ಫಾರ್ಮ್ಯಾಟ್ ಕೇಳಿದರೆ ಬೇಡವೆನ್ನಿ, ನಕಲು ತೆಗೆದು ಅದರಲ್ಲಿ ಹುಡುಕಿ. ಶಾರ್ಟ್‌ಕಟ್ ಕಂಡರೆ ಒತ್ತಬೇಡಿ. ಫಾರ್ಮ್ಯಾಟ್ ಮಾಡಿ ಪೆನ್ ಡ್ರೈವನ್ನು ಮತ್ತೆ ಬಳಕೆಗೆ ತರುವುದು ಎಲ್ಲದರ ಕೊನೆಯ ಕೆಲಸ. ಅಂಗಡಿಗೆ ಒಯ್ದರೂ ಮೊದಲ ಮಾತು ‘ಪೆನ್ ಡ್ರೈವ್ ಹೋದರೂ ಪರವಾಗಿಲ್ಲ, ಒಳಗಿರೋದು ಬೇಕು’ ಎಂದಿರಲಿ. ಹೇಳದಿದ್ದರೆ ರಿಪೇರಿಯವರು ಫಾರ್ಮ್ಯಾಟ್ ಮಾಡಿ, ಸರಿಹೋಯಿತು ಎಂದು ಕೈಗೆ ಕೊಡಬಹುದು.

ಪೆನ್ ಡ್ರೈವ್ ಹುಟ್ಟಿದ್ದು ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು, ವರ್ಷಗಟ್ಟಲೆ ಕಾಯ್ದಿಡಲು ಅಲ್ಲ. ನಿಮ್ಮ ಮನೆಯ ಮದುವೆ ಫೋಟೋ, ಹಿರಿಯರ ದನಿ, ಮಕ್ಕಳ ಅಂಕಪಟ್ಟಿ ಒಂದೇ ಪೆನ್ ಡ್ರೈವಿನಲ್ಲಿದ್ದರೆ ಇವತ್ತೇ ಅದರ ಎರಡನೇ ಪ್ರತಿಯನ್ನು ಹಾರ್ಡ್ ಡಿಸ್ಕಿಗೂ, ಮೂರನೆಯದನ್ನು ಬೇರೆ ಊರಿನಲ್ಲಿರುವ ನಂಬಿಕೆಯವರ ಕಂಪ್ಯೂಟರಿಗೋ ಕ್ಲೌಡಿಗೋ ಹಾಕಿಡಿ. ವರ್ಷಕ್ಕೊಮ್ಮೆ ತೆರೆದು ನೋಡಿ.